ಅಳೋದಷ್ಟೇ ಪಾತ್ರವಾದರೆ?

ಮೊನ್ನೆ ಗಂಗಾವತಿಯ ಥೇಟರಿನಲ್ಲಿ ಪಕ್ಕದ ಸೀಟಿನ ರೇಣುಕಕ್ಕ ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಬಳೆ ಒಡೆಯೋದೊಂದು ಬಾಕಿ.

ರೇಣುಕಕ್ಕ ಕುಷ್ಟಗಿಯ ನಮ್ಮ ಓಣಿಯವಳು. ನಾಟಕದ ನಟಿ. ನಮ್ಮ ಕಡೆ ಹಳ್ಳಿಯ ನಾಟಕದಲ್ಲಿ ಗಂಡು ಪಾತ್ರವೆಲ್ಲ ಊರವರದೇ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯನ್ನು ಕರೆಸ್ತಾರೆ. ಗಂಡಸರಿಗೆ ತಿಂಗಳುಗಟ್ಟಲೆ ತಾಲೀಮು. ನಟಿ ಬರೋದು ನಾಟಕದ ದಿನವೇ. ಹಾರ್ಮೋನಿಯಂ ಮಾಸ್ತರು ಒಂದು ಸಲ ಮಾತು ಹೇಳಿಕೊಡ್ತಾರೆ, ಆಮೇಲೆ ಸೀದಾ ಬಣ್ಣ. ಅಷ್ಟರಲ್ಲಿ ಆಕೆ ಎಷ್ಟು ಕಲಿತಾಳು? ಹಾಗಾಗಿ ಬರೆಯೋರು ಅವಳಿಗೆ ಮಾತು ಕೊಡೋದಿಲ್ಲ, ಅಳು ಕೊಡ್ತಾರೆ. (ಅಳೋಕೆ ತಾಲೀಮು ಬೇಡ ನೋಡಿ.)

ರೇಣುಕಕ್ಕನಿಗೆ ಇದು ಸಾಕಾಗಿಹೋಗಿತ್ತು. ತಾವರಗೇರಾದವರು ಹೊಸ ನಾಟಕಕ್ಕೆ ಕರೆದಿದ್ದರು. ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

"ಒಲ್ಲೆ ಅಂತೀನಿ ತಂಗಿ. ಇನ್ನ ಬಣ್ಣಾನ ಹಚ್ಚಂಗಿಲ್ಲ. ಎಷ್ಟಂತ ಅಳ್ಲಿ ನಾನು?" ಅಂತ ಗಂಗಾವತಿಗೆ ಹೋಗೋ ಬಸ್ಸಿನಲ್ಲೇ ಹೇಳಿದ್ದಳು. ಇಷ್ಟು ಛಲೋ ನಟಿ ಇನ್ನು ಆಡೋದೇ ಇಲ್ಲವಾ?

ಅಕ್ಕಿ ತರಲು ಹೋದವರು, ಬೇಸರ ಕಳೀಲಿ ಅಂತ ಮ್ಯಾಟಿನಿಗೆ ನುಗ್ಗಿದೆವು.

ಸಿನಿಮಾ ಹೇಗಿತ್ತು? ಕೇಳಬೇಡಿ. ಮೊದಲರ್ಧದಲ್ಲಿ ನಾಯಕಿ ಟ್ರ್ಯಾಕ್ಟರ್ ಓಡಿಸ್ತಾಳೆ, ಊರ ಗೌಡನಿಗೇ ಎದುರು ಮಾತಾಡ್ತಾಳೆ. ಮದುವೆಯಾದದ್ದೇ ತಡ, ಬರೆದವರಿಗೆ ಅವಳು ಮರೆತೇ ಹೋದಳು. ಇಂಟರ್‌ವಲ್ ಆದಮೇಲೆ ದೀಪ ಹಚ್ಚೋದು, ಗಂಡನ ದಾರಿ ಕಾಯೋದು, ಅಷ್ಟೇ. ಟ್ರ್ಯಾಕ್ಟರ್ ಎಲ್ಲಿ ಹೋಯ್ತು? ಆ ಬಾಯಿ ಎಲ್ಲಿ ಹೋಯ್ತು? ಹಳ್ಳಿಯವರಿಗೆ ತಾಲೀಮಿಗೆ ಹೊತ್ತಿಲ್ಲ ಅನ್ನೋ ನೆಪವಾದ್ರೂ ಇದೆ. ಕೋಟಿ ಸುರಿಯೋ ಇವರಿಗೆ ಏನು ಧಾಡಿ?

ಆದರೆ ಆ ನಟಿ! ಒಂದು ಸೀನು ಹೇಳ್ತೀನಿ ಕೇಳಿ. ಗಂಡ ಊಟಕ್ಕೆ ಕೂತವನು ಮನೆಮಂದಿಯ ಮುಂದೆ ಅವಳ ನಡತೆಯ ಮೇಲೆ ಮಾತು ಎಸೀತಾನೆ. ಅವಳಿಗೆ ಒಂದೂ ಡೈಲಾಗ್ ಇಲ್ಲ. ಅತ್ತು ಒಳಗೆ ಓಡಬೇಕು, ಪಿಟೀಲು ಆಗಲೇ ಶುರುವಾಗಿತ್ತು.

ಅವಳು ಅಳಲಿಲ್ಲ. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಪಲ್ಯ ಹಾಕಿದಳು. ಆಮೇಲೆ ಎದುರಿಗೆ ಕೂತು ಅವನು ಉಣ್ಣೋದನ್ನೇ ನೋಡಿದಳು. ಬರೀ ನೋಡಿದಳು, ಅಷ್ಟೇ. ಅವನು ಎತ್ತಿದ ತುತ್ತನ್ನು ವಾಪಸ್ ತಾಟಿಗಿಟ್ಟ. ಅಲ್ಲಿವರೆಗೆ ಸಿಳ್ಳೆ ಹಾಕ್ತಿದ್ದ ಪಡ್ಡೆ ಹುಡುಗರೂ ಬಾಯಿಂದ ಬೆರಳು ತೆಗೆದರು. ರೇಣುಕಕ್ಕ ನನ್ನ ಕೈ ಹಿಡಿದದ್ದು ಆಗಲೇ.

"ಇದನ್ನ ಯಾರೂ ಬರದುಕೊಟ್ಟಿಲ್ಲ ತಂಗಿ," ಅಂದಳು. "ಆಕಿ ತಾನ ತಂದಾಳ."

ಅದು ಎಲ್ಲಿಂದ ಬರುತ್ತೆ? ಇಷ್ಟು ವರ್ಷ ಸಿನಿಮಾ ನೋಡಿದ್ದೀನಿ, ನನಗಿನ್ನೂ ಗೊತ್ತಾಗಿಲ್ಲ. ಬರಿದಾದ ಪಾತ್ರದೊಳಗೆ ಆ ನಟಿಯೊಬ್ಬಳೇ ಒಂದು ಇಡೀ ಹೆಂಗಸನ್ನು ಕಟ್ಟಿ ನಿಲ್ಲಿಸಿದ್ದಳು. ಕೈ ಮುಗಿಯೋಣ ಅನ್ನಿಸ್ತು.

ಹೊರಗೆ ಬಂದರೆ ತಾವರಗೇರಾದ ಫೋನು. ಇನ್ನೇನು ಒಲ್ಲೆ ಅಂತಾಳೆ ಅಂತ ನಾನು ಮುಖ ತಿರುಗಿಸಿ ನಿಂತೆ.

"ಬರ್ತೀನ್ರಿ," ಅಂದಳು. "ಆದ್ರ ನಾಟಕದ ದಿನ ಅಲ್ಲ. ನಾಳಿಂದ ತಾಲೀಮಿಗೇ ಬರ್ತೀನಿ."

ಆ ಕಡೆಯವರಿಗೆ ಗಾಬರಿ. ಸ್ಪೀಕರಿನಲ್ಲಿ ನನಗೂ ಕೇಳಿಸ್ತು. "ತಾಲೀಮಿಗೆ ಯಾಕ್ರಿ ಅಕ್ಕಾರ? ನಿಮ್ಮ ಪಾತ್ರಕ್ಕ ಮಾತ ಇಲ್ಲಲ್ರಿ."

"ಅದಕ್ಕ ಬರಾಕತ್ತೀನ್ರಿ."

ದಿನಾ ಎದುರಿಗೇ ಬಂದು ಕೂರೋ ಹೆಣ್ಣುಮಗಳಿಗೆ ಬರೀ ಅಳು ಬರೆದುಕೊಡೋ ಧೈರ್ಯ ಯಾರಿಗಿದೆ, ಹೇಳಿ?