ಒಂಬತ್ತು ತತ್ತಿ, ಒಂದು ಬಲ್ಬು

ನಾನು ಕೋಳಿಗಳನ್ನು ಮುದ್ದಿನಿಂದ ಸಾಕಿದವಳಲ್ಲ. ತತ್ತಿ ಇಡುವಷ್ಟು ದಿನ ತತ್ತಿ, ಆಮೇಲೆ ಸಾರು. ಆದರೆ ನಮ್ಮ ಕೋಳಿಗಳ ತಳಿಯ ಮೇಲೆ ನನಗೊಂದು ಹಟವಿತ್ತು. ಮದುವೆಯಾಗಿ ಕಮರಿಪೇಟೆಗೆ ಬಂದಾಗಲೇ ಅತ್ತೆಯ ಅಂಗಳದಲ್ಲಿ ಇದ್ದ ಬೋಳು ಕುತ್ತಿಗೆಯ ಕೋಳಿಗಳು ಅವು. ಕುತ್ತಿಗೆಯ ಮೇಲೆ ಒಂದು ಗರಿ ಇಲ್ಲ, ಬರೀ ಕೆಂಪು ಚರ್ಮ. ನೋಡಿದವರು ‘ರೋಗ ಬಂದೈತೇನು’ ಎಂದು ಕೇಳುತ್ತಿದ್ದರು. ರೂಪವಿಲ್ಲ, ಆದರೆ ಬಿಸಿಲಿಗೆ ಬಗ್ಗುವುದಿಲ್ಲ, ನಾವು ಹಾಕುವ ಕಾಳಿಗೆ ಕಾಯುವುದಿಲ್ಲ, ತಿಪ್ಪೆಯಲ್ಲಿ ತಾವೇ ಹುಡುಕಿ ತಿನ್ನುತ್ತವೆ. ನವನಗರಕ್ಕೆ ಮನೆ ಬದಲಿಸಿದಾಗ ಪಾತ್ರೆಗಳಿಗಿಂತ ಮೊದಲು ಕೋಳಿಬುಟ್ಟಿಯನ್ನು ಟೆಂಪೋ ಹತ್ತಿಸಿದವಳು ನಾನು.

ಒಂದು ಬೇಸಿಗೆಯಲ್ಲಿ ಕೋಳಿಗಳಿಗೆ ಜಡ್ಡು ಬಂತು. ಎಂಟು ದಿನದಲ್ಲಿ ಒಂದನ್ನು ಬಿಟ್ಟು ಎಲ್ಲವೂ ಸತ್ತವು. ಹುಂಜವೂ ಹೋಯಿತು, ಹೋಗುವ ಮುಂಚೆ ತನ್ನ ಕೆಲಸ ಮುಗಿಸಿತ್ತು ಅಷ್ಟೆ. ಉಳಿದದ್ದು ಒಂದೇ ಹ್ಯಾಟಿ, ಅಂದರೆ ಹೆಣ್ಣುಕೋಳಿ. ಅದು ಒಂಬತ್ತು ತತ್ತಿ ಇಟ್ಟು ಕಾವಿಗೆ ಕೂತಿತು. ನಾವು ಮಾಡುವ ಹಾಗೆಯೇ ಮಾಡಿದೆ: ಬುಟ್ಟಿಯ ತಳಕ್ಕೆ ಬೂದಿ, ಅದರ ಮೇಲೆ ಹುಲ್ಲು, ತತ್ತಿ ಬೆಸಸಂಖ್ಯೆಯಲ್ಲಿ, ಮೂಲೆಗೆ ಒಂದು ಕಬ್ಬಿಣದ ಚೂರು. ಗುಡುಗಿದರೆ ತತ್ತಿಯೊಳಗಿನ ಜೀವ ಹೆದರಿ ಕೆಡುತ್ತದೆ, ಕಬ್ಬಿಣವಿದ್ದರೆ ಕೆಡುವುದಿಲ್ಲ. ನನ್ನ ಅತ್ತೆ ಹೇಳಿದ್ದು, ಅವರ ಅತ್ತೆ ಅವರಿಗೆ ಹೇಳಿದ್ದು.

ಕಾವಿಗೆ ಕೂತ ಕೋಳಿ ದಿನಕ್ಕೊಮ್ಮೆ ನೀರು ಕಾಳಿಗೆಂದು ಏಳುತ್ತದೆ. ಹನ್ನೊಂದನೆಯ ದಿನ ಹಾಗೆ ಎದ್ದು ಗೇಟಿನ ಹತ್ತಿರ ಹೋದಾಗ ನಾಯಿ ಹಿಡಿಯಿತು. ನಾನು ಕೋಲು ಹಿಡಿದು ಓಡುವಷ್ಟರಲ್ಲಿ ಗರಿ ಮಾತ್ರ ಇದ್ದವು. ಅಳಲಿಲ್ಲ. ಒಳಗೆ ಬಂದು ಬುಟ್ಟಿಗೆ ಕೈ ಹಾಕಿ ನೋಡಿದೆ. ತತ್ತಿಗಳು ಇನ್ನೂ ಬೆಚ್ಚಗಿದ್ದವು. ಅವು ಆರಿದರೆ ಅತ್ತೆಯ ಕಾಲದ ತಳಿ ಅವತ್ತಿಗೇ ಮುಗಿಯುತ್ತಿತ್ತು.

ನನ್ನ ಸೊಸೆ ಪ್ರೈಮರಿ ಸಾಲಿ ಟೀಚರು, ಹುಡುಗರಿಗೆ ವಿಜ್ಞಾನ ಕಲಿಸುತ್ತಾಳೆ. ಹೊರಡಲು ಸೀರೆಗೆ ಪಿನ್ನು ಚುಚ್ಚುತ್ತಿದ್ದವಳು ಅಡುಗೆಮನೆಗೆ ಬಂದಳು.

“ಅತ್ತಿ, ತತ್ತಿ ಏನ್ ಮಾಡೋದ್ರಿ ಈಗ?”

“ಹಂಚು ಒಲಿ ಮ್ಯಾಲೆ ಇಡು.”

“ಆಮ್ಲೆಟ್ಟಾ?”

“ನಿನ್ನ ತಲಿ. ಎರಡು ಸೇರು ಜ್ವಾಳ ಬೆಚ್ಚಗ ಮಾಡು.”

ಬೆಚ್ಚಗಿನ ಜೋಳದಲ್ಲಿ ತತ್ತಿ ಹೂತು ಮೇಲೆ ಕೌದಿ ಮುಚ್ಚಿದೆವು. ಆರಿದ ಜೋಳ ತೆಗೆಯುವುದು, ಬೆಚ್ಚಗಿನದು ಸುರಿಯುವುದು. ಇದು ಹೆಚ್ಚೆಂದರೆ ಒಂದು ದಿನದ ಆಟ, ಇನ್ನೂ ಹತ್ತು ದಿನ ಬಾಕಿ ಇತ್ತು. ಸೊಸೆ ಅರ್ಧ ದಿನ ರಜೆ ಹಾಕಿದಳು. ಫೋನಿನಲ್ಲಿ ಏನೇನೋ ಓದಿದಳು, ಆಮೇಲೆ ಹಿಂದಿನ ಬೀದಿಯ ಫ್ರಿಜ್ ರಿಪೇರಿಯವನನ್ನು ಕರೆದು ತಂದಳು. ಅವನ ಗಡ್ಡ ಪೂರಾ ಬೆಳ್ಳಗೆ, ನಾಲಿಗೆ ಮಾತ್ರ ಹದಿನೆಂಟರದ್ದು.

“ಅಮ್ಮಾ, ನಾ ಜಿಂದಗಿ ತುಂಬ ಥಂಡಿ ಮಾಡೋ ಡಬ್ಬಿ ರಿಪೇರಿ ಮಾಡೇನಿ. ಬಿಸಿ ಮಾಡೋ ಡಬ್ಬಿ ಕೇಳಿದವ್ರು ನೀವ ಮೊದಲು.”

“ಎರಡೂ ಒಂದ. ಉಲ್ಟಾ ಮಾಡು.”

“ಇಷ್ಟ್ ತಿಳಿತದ ಅಂದ್ರ ನಿಮ್ಮನ್ನ ನನ್ನ ಅಂಗಡ್ಯಾಗ ಕೂಡಸಬೇಕಾಗಿತ್ತು.”

ಸಂಜೆಯೊಳಗೆ ಮಾಡಿ ಕೊಟ್ಟ. ಮೀನು ಬರುವ ಥರ್ಮೋಕೋಲ್ ಡಬ್ಬಿ, ಒಳಗೆ ಒಂದು ಬಲ್ಬು, ಒಂದು ಬಟ್ಟಲು ನೀರು, ಮುಚ್ಚಳದಲ್ಲಿ ಗಾಜಿನ ತುಂಡು. ಹೊರಗೆ ಕೆಂಪು ಅಂಕಿ ತೋರಿಸುವ ಒಂದು ಸಣ್ಣ ಯಂತ್ರ. ಅದರಿಂದ ಒಂದು ತಂತಿ ಒಳಗೆ ಹೋಗಿತ್ತು, ತಂತಿಯ ತುದಿಯ ಮಣಿಗೆ ಎಷ್ಟು ಬಿಸಿ ತಾಗುತ್ತದೋ ಅಷ್ಟು ಅಂಕಿ. ಮೂವತ್ತೇಳೂವರೆ ಆದ ಕೂಡಲೇ ಬಲ್ಬು ಆರುತ್ತದೆ, ಇಳಿದರೆ ಹತ್ತುತ್ತದೆ. ಕೋಳಿ ದಿನಕ್ಕೆ ಎಷ್ಟೋ ಸಲ ತತ್ತಿ ಹೊರಳಿಸುತ್ತದೆ, ಆ ಕೆಲಸ ನನ್ನದಾಯಿತು. ಸೊಸೆ ಪ್ರತಿ ತತ್ತಿಯ ಒಂದು ಮಗ್ಗುಲಿಗೆ ಪೆನ್ಸಿಲಿನಿಂದ ಗುಣಾಕಾರದ ಗುರುತು, ಇನ್ನೊಂದಕ್ಕೆ ಸೊನ್ನೆ ಹಾಕಿದಳು. ಅಕ್ಷರ ನನಗೆ ಕೂಡಿಸಿ ಕೂಡಿಸಿ ಓದಿದರೆ ಬರುತ್ತದೆ, ಸೊನ್ನೆ ಧಾರಾಳ ಬರುತ್ತದೆ.

ಅವತ್ತು ಬ್ಯಾಟರಿ ಬೆಳಕು ಹಿಡಿದು ತತ್ತಿಯೊಳಗೆ ನೋಡಿದೆವು. ಎಂಟರಲ್ಲಿ ಕೆಂಪು ದಾರದಂಥ ನರ ಕಂಡವು. ಒಂದು ಬರೀ ಖಾಲಿ. ಸೊಸೆ ಅದನ್ನು ತೆಗೆದಿಟ್ಟಳು.

“ಎಂಟು ಅಂದ್ರ ಸಮ ಆತು, ಸಮ ಇಡಬಾರದು,” ಎಂದೆ.

“ಕೋಳಿ ಮರಿಗೆ ಲೆಕ್ಕ ಬರ್ತದೇನ್ರಿ ಅತ್ತಿ?”

“ನಿನಗ ಬರ್ತದಲ್ಲ, ಮತ್ತೊಂದು ಹುಟ್ಟಿಸಿ ಇಡು.”

ಅವಳು ನಕ್ಕಳು, ಇಡಲಿಲ್ಲ.

ನಾಲ್ಕು ದಿನ ಸುಸೂತ್ರ ನಡೆಯಿತು. ಐದನೆಯ ದಿನ ಮಧ್ಯಾಹ್ನ ಅಡ್ಡಮಳೆ ಬಂತು. ಸೊಸೆ ಸಾಲಿಯಲ್ಲಿ. ಗುಡುಗು ಹೇಗಿತ್ತೆಂದರೆ ಕಪಾಟಿನಲ್ಲಿ ತಾಟುಗಳು ನಡುಗಿದವು. ಡಬ್ಬಿಯಲ್ಲಿ ಕಬ್ಬಿಣವಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಕೈಗೆ ಸಿಕ್ಕದ್ದು ಎಲೆಚಂಚಿಯಲ್ಲಿದ್ದ, ಅಡಿಕೆ ಕತ್ತರಿಸುವ ಅಡಕೊತ್ತು. ಮುಚ್ಚಳ ತೆಗೆದು ತತ್ತಿಗಳ ಪಕ್ಕ ಇಟ್ಟು ಮುಚ್ಚಿದೆ. ಸಮಾಧಾನವಾಗಿ ನಿದ್ದೆಯನ್ನೂ ಮಾಡಿದೆ.

ಸಂಜೆ ಹೊರಳಿಸಲು ಹೋದಾಗ ಒಂದು ತತ್ತಿಯನ್ನು ಕಣ್ಣರೆಪ್ಪೆಗೆ ಒತ್ತಿ ನೋಡಿದೆ. ಕೈ ಕೆಲಸದಿಂದ ಜಡ್ಡುಗಟ್ಟಿರುತ್ತದೆ, ಕಾವು ತಿಳಿಯುವುದು ರೆಪ್ಪೆಗೇ. ತಣ್ಣಗಿತ್ತು. ಇನ್ನೊಂದೂ ಹಾಗೆಯೇ. ಅಷ್ಟರಲ್ಲಿ ಸೊಸೆ ಬಂದಳು.

“ಮೂವತ್ತೇಳೂವರಿ ತೋರಸಾಕತ್ತೈತಿ ನೋಡ್ರಿ ಅತ್ತಿ.”

“ತೋರಸ್ಲಿ. ತತ್ತಿ ತಣ್ಣಗ ಅದಾವ.”

“ಮಷೀನ್ ಸುಳ್ಳ ಹೇಳತೈತೇನ್ರಿ?”

“ನನ್ನ ರೆಪ್ಪಿ ಹೇಳತೈತೇನು?”

ಜಗಳ ಹರಿಯಲಿಲ್ಲ. ಸೊಸೆ ಫೋನು ಮಾಡಿದ್ದಕ್ಕೆ ಫ್ರಿಜ್ಜಿನವನು ಬಂದ, ಬಗ್ಗಿ ನೋಡಿದ, ಎರಡು ಬೆರಳಿನಿಂದ ಅಡಕೊತ್ತು ಎತ್ತಿ ಹಿಡಿದ.

“ಅಮ್ಮಾ, ಇದು ಯಾವ ಕೋಳಿ ಇಟ್ಟ ತತ್ತಿ?”

ಸುಳ್ಳು ಹೇಳಬಹುದಿತ್ತು, ಹೇಳಲು ಜಾಗವಿರಲಿಲ್ಲ. “ನಾನ ಇಟ್ಟೇನಿ. ಗುಡುಗಿಗೆ,” ಎಂದೆ.

ಆದದ್ದು ಇಷ್ಟು. ಅಡಕೊತ್ತು ಬಲ್ಬಿನ ಕೆಳಗೇ ಬಿದ್ದಿತ್ತು, ತಂತಿಯ ಮಣಿ ಅದಕ್ಕೆ ಆತುಕೊಂಡಿತ್ತು. ಕಬ್ಬಿಣ ಕಾದು ಮಣಿ ಬಿಸಿಯಾದರೆ ಯಂತ್ರವು ಡಬ್ಬಿಯೇ ಕಾಯಿತೆಂದು ಬಲ್ಬು ಆರಿಸುತ್ತಿತ್ತು. ಮಧ್ಯಾಹ್ನದಿಂದ ಬೆಚ್ಚಗಿದ್ದದ್ದು ಅಡಕೊತ್ತು ಒಂದೇ.

ಸೊಸೆ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಮಣಿಯನ್ನು ತತ್ತಿಗಳ ನಡುವೆ ಸರಿಸಿಟ್ಟು ಅಂದಳು, “ಕಬ್ಬಿಣ ಲಗೂ ಕಾಯ್ತೈತಿ ಅಂತ ಊರ ಹುಡುಗ್ರಿಗೆಲ್ಲಾ ಕಲಸ್ತೇನಿ. ಮನ್ಯಾಗ ಕಲಸೋದು ಬಿಟ್ಟಿದ್ದೆ ನೋಡ್ರಿ.”

“ನಾ ತಪ್ಪು ಮಾಡೇನಿ. ಖರೇ. ಆದ್ರ ನೀ ಅಂಕಿ ನೋಡಿದಿ, ತತ್ತಿ ಮುಟ್ಟಲಿಲ್ಲ,” ಎಂದೆ.

ಅವತ್ತಿನಿಂದ ಅಡಕೊತ್ತು ಡಬ್ಬಿಯ ಹೊರಗೆ, ಮುಚ್ಚಳದ ಮೇಲೆ ಕೂತಿತು. ಅವಳೂ ದಿನಾ ಒಂದು ತತ್ತಿಯನ್ನು ರೆಪ್ಪೆಗೆ ಒತ್ತಿ ನೋಡಿಯೇ ಸಾಲಿಗೆ ಹೋಗುತ್ತಿದ್ದಳು. ಕಾಡಿಗೆ ತತ್ತಿಗೆ ಹತ್ತುತ್ತಿತ್ತು.

ಇಪ್ಪತ್ತೊಂದನೆಯ ದಿನ ಮರಿ ಹೊರಬರಬೇಕು. ಬರಲಿಲ್ಲ. ಇಪ್ಪತ್ತೆರಡಕ್ಕೂ ಇಲ್ಲ. ಫ್ರಿಜ್ಜಿನವನು ಗೇಟಿನಲ್ಲೇ ನಿಂತು, “ಬಿರ್ಯಾನಿಗೆ ಕುದಿಸಿದ ತತ್ತಿ ಬೇಕಾಗ್ತಾವ ಅಮ್ಮಾ,” ಎಂದ. ಅವನಿಗೆ ಏನು ಅಂದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಒಳಗೆ ಬಂದು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ತತ್ತಿಗಳನ್ನು ಒಂದೊಂದೇ ತೇಲಿಬಿಟ್ಟೆ. ಜೀವವಿದ್ದ ತತ್ತಿ ನೀರಿನಲ್ಲಿ ತಾನೇ ಅಲುಗುತ್ತದೆ. ಮೊದಲನೆಯದು ಸುಮ್ಮನೆ ನಿಂತಿತು. ಎರಡನೆಯದೂ. ಸೊಸೆ ನನ್ನ ತೋಳು ಹಿಡಿದಿದ್ದಳು, ಉಗುರು ಊರಿದ್ದು ಅವಳಿಗೆ ಗೊತ್ತಿರಲಿಲ್ಲ. ಮೂರನೆಯದು ಒಳಗಿನಿಂದ ಯಾರೋ ಮೊಣಕೈ ಹಾಕಿದ ಹಾಗೆ ಮಗ್ಗುಲಾಯಿತು. ಎಂಟರಲ್ಲಿ ಐದು ಅಲುಗಿದವು. ಮೂರು ನನ್ನ ಅಡಕೊತ್ತಿನ ಪಾಲು.

ಮರುದಿನ ರವಿವಾರ. ಮುಂಜಾನೆ ಒಂದು ತತ್ತಿಗೆ ತೂತು ಬಿದ್ದಿತ್ತು. ಸೊಸೆ ಚಿಪ್ಪು ಬಿಡಿಸಲು ಹೋದಳು.

“ಕೈ ಹಚ್ಚಬ್ಯಾಡ,” ಎಂದೆ. “ನಿಮ್ಮವ್ವ ಹಡಿಯೋವಾಗ ನಿನ್ನ ಯಾರರ ಜಗ್ಗಿದ್ರೇನು?”

“ಜಗ್ಗಿದ್ರಿ ಅತ್ತಿ. ಡಾಕ್ಟರು.”

ಆದರೂ ಮುಟ್ಟಗೊಡಲಿಲ್ಲ. ಸಂಜೆಯೊಳಗೆ ಐದೂ ಹೊರಬಂದವು. ಎರಡಕ್ಕೆ ಕುತ್ತಿಗೆ ತುಂಬ ತುಪ್ಪಟ. ಮೂರಕ್ಕೆ ಬೋಳು. ಒದ್ದೆಯಾಗಿ, ಕಣ್ಣು ಮುಚ್ಚಿ, ಕುತ್ತಿಗೆ ಚಾಚಿ ಬಿದ್ದಿದ್ದವು.

“ಎಷ್ಟ್ ಛಂದ ಅದಾವ್ರಿ!” ಎಂದಳು ಸೊಸೆ.

“ಸುಳ್ಳ ಹೇಳಬ್ಯಾಡ. ನನ್ನಂಗ ಅದಾವ.”

ಆದರೆ ಕೆಲಸ ಮುಗಿದಿರಲಿಲ್ಲ. ಮೂರೂ ಹುಂಜಗಳಾದರೆ ತಳಿ ನನ್ನ ಅಂಗಳದಲ್ಲಿ ನಿಲ್ಲುವುದು ಹೇಗೆ? ಒಂದಾದರೂ ಹ್ಯಾಟಿ ಬೇಕು. ಮರಿ ಗಂಡೋ ಹೆಣ್ಣೋ ಎಂದು ಜುಟ್ಟು ಹೇಳಬೇಕು, ಜುಟ್ಟಿಗೆ ಎರಡು ತಿಂಗಳು ಬೇಕು. ತುಪ್ಪಟದ ಎರಡನ್ನು ಫ್ರಿಜ್ಜಿನವನಿಗೆ ಕೊಟ್ಟೆ. ಬೋಳು ಮೂರರಲ್ಲಿ ಒಂದರ ಜುಟ್ಟು ಐದನೆಯ ವಾರಕ್ಕೇ ಕೆಂಪಾಯಿತು. ಹತ್ತು ದಿನಕ್ಕೆ ಇನ್ನೊಂದರದ್ದು. ಸೊಸೆ ದಿನಾ ಹಲ್ಲುಜ್ಜುತ್ತ ಹಿತ್ತಲಿಗೆ ಬಂದು ಮೂರನೆಯದನ್ನು ಹಿಡಿದು, “ಕೆಂಪೇರೇತೇನ್ರಿ?” ಎಂದು ಕೇಳುವುದು, ನಾನು “ಇಲ್ಲ” ಎನ್ನುವುದು. ಎರಡು ತಿಂಗಳು ಕಳೆದರೂ ಅದರ ಜುಟ್ಟು ಹಳದಿಯಾಗಿಯೇ ಉಳಿಯಿತು. ಹ್ಯಾಟಿ.

ಎರಡು ಹುಂಜಗಳಲ್ಲಿ ಒಂದನ್ನು ತಿಂದೆವು, ರುಚಿಯಾಗಿತ್ತು. ಇನ್ನೊಂದು ಹ್ಯಾಟಿಯ ಅಣ್ಣ, ಅದರ ಜೊತೆ ಬಿಡುವಂತಿಲ್ಲ. ಗರಗದಲ್ಲಿರುವ ನನ್ನ ತಂಗಿಯ ಹತ್ತಿರ ಬದಲಿಸಿಕೊಳ್ಳೋಣ ಎಂದು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೀಟಿಲ್ಲ, ಆಧಾರ್ ಕಾರ್ಡು ತೋರಿಸಿದೆ. ಅಷ್ಟರಲ್ಲಿ ಚೀಲ ಕೂಗಿತು.

“ಅಜ್ಜಿ, ಚೀಲದಾಗ ಏನೈತಿ?” ಎಂದ ಕಂಡಕ್ಟರು.

“ಹುಂಜ.”

“ಹಂಗಾರ ಟಿಕೀಟ್ ಆಗ್ತೈತಿ. ಗಂಡಸರಿಗೆ ಪುಕ್ಕಟ ಇಲ್ಲ.”

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಅರ್ಧ ಟಿಕೀಟು ತೆಗೆಸಿದೆ.

ತಂಗಿಯ ಹುಂಜ ಕೆಂಪಗೆ, ಎತ್ತರಕ್ಕೆ, ಕುತ್ತಿಗೆ ತುಂಬ ಗರಿ. ತಾಯಿ ಬೋಳಿದ್ದರೆ ಸಾಕು, ಮರಿಗಳಲ್ಲಿ ಅರ್ಧವಾದರೂ ಬೋಳಾಗುತ್ತವೆ. ತಂದು ಹಿತ್ತಲಲ್ಲಿ ಬಿಟ್ಟೆ. ಹ್ಯಾಟಿ ಮೊದಲ ದಿನ ಅದನ್ನು ಬಟ್ಟೆ ಒಗೆಯುವ ಕಲ್ಲಿನ ಹಿಂದಕ್ಕೆ ಅಟ್ಟಿತು. ಮೂರನೆಯ ದಿನ ಎರಡೂ ಒಂದೇ ಮೂಲೆ ಕೆದರುತ್ತಿದ್ದವು. ಸೊಸೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

“ಮುಂದೇನ್ರಿ ಅತ್ತಿ?”

“ಮುಂದಿಂದು ಅವರ ಕೆಲಸ. ನೀ ಸಾಲಿಗೆ ಹೋಗು.”