ಕಾನಾ ಮದುವೆಯಲ್ಲಿ ರೋಸವ್ವತ್ತೆ

ಹೊಸ ಹರವಿಗೆ ಮೊದಲ ಕೊಡ ನೀರು ಸುರಿದಾಗ ಏಳುವ ಮಣ್ಣಿನ ವಾಸನೆ ನಿಮಗೂ ಗೊತ್ತಿರಬೇಕು. ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಡಿದದ್ದೇ ತಡ, ನಾನು ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿದ್ದೆ. ಕಲಘಟಗಿ ಹತ್ತಿರದ ನಮ್ಮ ಸಣ್ಣ ಚರ್ಚಿನಲ್ಲಿ, ಧ್ಯಾನಕೂಟದ ಚಾಪೆಯ ಮೇಲೆ.

ಆಗ ನಾನು ಮಾಡಿದ ಪ್ರಾರ್ಥನೆಗಳಿಗೂ ಲೆಕ್ಕಕ್ಕೆಂದು ದಿನಚರಿಯಲ್ಲಿ ಒಂದೊಂದು ಗೀಟು ಹಾಕುತ್ತಿದ್ದೆ. ಆ ತಿಂಗಳ ಗೀಟುಗಳೆಲ್ಲ ಒಂದೇ ಬೇಡಿಕೆಗೆ: ಲೂಸಿ ಅಕ್ಕನ ಮದುವೆಯಲ್ಲಿ ರೋಸವ್ವತ್ತೆ ಹಂದರದೊಳಗೆ ಬರಲಿ. ಅತ್ತೆ ಅಪ್ಪನ ಅಕ್ಕ. ಅವ್ವ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು. ಆದರೆ ಗಂಡ ಸತ್ತವಳು ಮದುವೆಯಲ್ಲಿ ಮುಂದೆ ಬರಬಾರದೆಂಬ ಪದ್ಧತಿಯನ್ನು ನಮ್ಮ ಹಿರಿಯರು ಶಿಲುಬೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಅವಳೇ ಹಿಂದೆ ಸರಿಯುತ್ತಿದ್ದಳು.

ಧ್ಯಾನಕೂಟ ನಡೆಸಲು ಬಂದ ಫಾದರ್ ಪುಣೆಯಲ್ಲಿ ಮನಃಶಾಸ್ತ್ರ ಓದಿದವರು. ಮನಸ್ಸಿನ ತಳದಲ್ಲಿರುವುದು ಮಾತಾಗಿ ಬರುವುದಿಲ್ಲ, ಚಿತ್ರವಾಗಿ ಬರುತ್ತದೆ ಎಂದರು. ಯೇಸುಸ್ವಾಮಿ ಹರವಿಯ ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆಯ ಕಥೆ ಓದಿ, ಕಣ್ಣು ಮುಚ್ಚಿ ಆ ಮದುವೆಗೆ ಹೋಗಿ ಬನ್ನಿ ಅಂದರು. ಬಂದ ಚಿತ್ರವನ್ನು ತಿದ್ದಬಾರದು, ಅಷ್ಟೇ. ದೇವರ ವಾಕ್ಯದಲ್ಲಿ ಇಲ್ಲದ್ದನ್ನು ಕಲ್ಪಿಸಿಕೊಳ್ಳಬಹುದೆಂಬ ಮಾತಿಗೇ ನಾನು ಒಂದು ಕಣ್ಣು ತೆರೆದು ಶಿಲುಬೆಯ ಕಡೆ ನೋಡಿದೆ. ಹೆಂಗಸರು ಮಾತ್ರ ಸಲೀಸಾಗಿ ಹೋಗಿಬಂದರು. ಒಬ್ಬಳ ಕಾನಾದಲ್ಲಿ ಗೋದಿ ಹುಗ್ಗಿ ತಳ ಹಿಡಿದಿತ್ತು. ನನ್ನನ್ನು ಕೇಳಿದಾಗ, ಬಾಗಿಲಲ್ಲಿ ನಿಂತು ಬಂದವರನ್ನು ಎಣಿಸುತ್ತಿದ್ದೆ ಅಂದೆ. ಉಂಡೆಯಾ ಅಂತ ಕೇಳಿದರು. ಇಲ್ಲ ಅಂದೆ. ಎಲ್ಲರೂ ನಕ್ಕರು.

ಅತ್ತೆಯ ಸರದಿ ಬಂತು.

"ನಾ ಹೊರಗ ಕುಂತು ಪಾತ್ರಿ ತಿಕ್ಕಾಕತ್ತಿದ್ನಿರಿ."

"ಒಳಗ ಯಾಕ ಹೋಗಲಿಲ್ಲವ್ವಾ?"

"ರಂಡಿ ಮುಂಡಿ ಹಂದರದಾಗ ಹೆಂಗ ಹೋಗೂದ್ರಿ?"

ಇನ್ನೊಮ್ಮೆ ಕಣ್ಣು ಮುಚ್ಚಿ ಯೇಸುಸ್ವಾಮಿ ಎಲ್ಲಿದ್ದಾರೆ ನೋಡಿ ಎಂದರು ಫಾದರ್. ಒಳಗಿರಬೇಕು ಅಂದವಳು ಮತ್ತೆ ಕಣ್ಣು ಮುಚ್ಚಿದಳು.

"ಹೊರಗ ಬಂದಾರ್ರಿ. ನೀರಿನ ಹರವಿ ಎಲ್ಲಾ ನನ್ನ ಬಾಜೂಕ ಅದಾವಲ್ರಿ."

"ಏನಂದ್ರು?"

"ಏನೂ ಅನ್ನಲಿಲ್ಲ. ನನ್ನ ಕೈಯಾನ ಪಾತ್ರಿ ಇಸಗೊಂಡ್ರು."

ಆ ರಾತ್ರಿ ದಿನಚರಿಯಲ್ಲಿ ನಾಲ್ಕು ಪುಟ ಬರೆದೆ. ಗೀಟು ಹಾಕುವುದು ಮರೆತೇಹೋಯಿತು.

ಮದುವೆಯ ದಿನ ಬಂದರೂ ಅತ್ತೆ ಹಿತ್ತಲಲ್ಲೇ ಇದ್ದಳು. ಅಕ್ಕ ಚರ್ಚಿಗೆ ಹೊರಡುವ ಹೊತ್ತು. ಚಿಕ್ಕಪ್ಪನ ಹೆಂಡತಿ ಕಾಕು ಅಕ್ಕನ ತಲೆಗೆ ಬಿಳಿ ಸೆರಗು ಹೊದಿಸಬೇಕು. ಅಷ್ಟರಲ್ಲಿ ಅತ್ತೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ಕಾಕುವಿನ ಕೈಯಿಂದ ಆ ಬಟ್ಟೆ ತೆಗೆದುಕೊಂಡಳು. ಕಾಕಾ, ಅಂದರೆ ಅತ್ತೆಯ ಕಿರಿಯ ತಮ್ಮ, ಅಡ್ಡ ನಿಂತ.

"ರೋಸಕ್ಕಾ, ಪದ್ಧತಿ ಅಂತ ಒಂದು ಐತಿ."

"ಅದನ್ನ ಹಿತ್ತಲದಾಗ ಪಾತ್ರಿ ತಿಕ್ಕಾಕ ಕುಂದರಿಸಿ ಬಂದೇನೋ ತಮ್ಮಾ. ನೀ ಸರಿ."

ಅವನು ಸರಿದ. ಊಟಕ್ಕೆ ನಿಲ್ಲದೆ ತನ್ನೂರು ದೇವಿಕೊಪ್ಪಕ್ಕೆ ಹೊರಟುಹೋದ. ಅತ್ತೆ ಸೆರಗು ಹೊದಿಸಿ ಪಿನ್ನು ಚುಚ್ಚಿದಳು. ನಾನಂತೂ ಗೆದ್ದ ಕುಸ್ತಿ ಆಳಿನ ಹಾಗೆ ಊರೆಲ್ಲ ಸುತ್ತಿದೆ.

ಅದಾಗಿ ನಾಲ್ಕು ವರ್ಷ. ಇವತ್ತು ಹರವಿ ತುಂಬಿಸಿ, ಅದೇ ಹುರುಪಿನಲ್ಲಿ, ಕಣ್ಣು ಮುಚ್ಚಿ ಮತ್ತೆ ಕಾನಾಕ್ಕೆ ಹೋದೆ. ಅತ್ತೆ ಹಂದರದ ನಟ್ಟನಡುವೆ ಕುಳಿತು ಎಲ್ಲರಿಗೂ ಹುಕುಂ ಮಾಡುತ್ತಿದ್ದಳು. ಹೊರಗೆ, ಬೇವಿನ ನೆರಳಲ್ಲಿ, ಒಬ್ಬ ಈ ಕಡೆ ಬೆನ್ನು ಮಾಡಿ ಕುಳಿತಿದ್ದ. ತಿದ್ದಬಾರದು ಅಂದಿದ್ದರಲ್ಲ, ಹತ್ತಿರ ಹೋದೆ. ಕಾಕಾ. ಆ ದಿನದಿಂದ ನಮ್ಮ ಹೊಸ್ತಿಲು ತುಳಿಯದವನು. ನಾನೂ ಒಂದು ಸಲವೂ ಅವನನ್ನು ಕರೆದಿರಲಿಲ್ಲ.

ಸೈಕಲ್ ಹೊರಗೆ ತೆಗೆದೆ. ಎಲ್ಲಿಗೆ ಅಂದಳು ಅತ್ತೆ. ದೇವಿಕೊಪ್ಪಕ್ಕೆ ಅಂದೆ. ಅವಳು ಒಲೆಯ ಮೇಲೆ ಅನ್ನಕ್ಕಿಟ್ಟು ಕುದಿಯುತ್ತಿದ್ದ ಎಸರಿಗೆ ಇನ್ನೊಂದು ತಂಬಿಗೆ ನೀರು ಸೇರಿಸಿದಳು.