ಗದ್ದೆ ಮೂಲೆಯ ಬೋರ್ಡೋ ಸೀಸೆ

ಸಾವಿರದ ಒಂಬೈನೂರ ಅರವತ್ತೆರಡನೆಯ ಇಸವಿಯ ಒಂದು ಬೆಳಿಗ್ಗೆ, ಹೊಸನಗರ ಸೀಮೆಯ ಶರಾವತಿ ದಂಡೆಯ ಹಳ್ಳಿಶಾಲೆಗೆ ಶೇಷಪ್ಪ ಮೊದಲ ಸಲ ಕಾಲಿಟ್ಟ. ಓದಲಿಕ್ಕಲ್ಲ, ಓದಿಸಲಿಕ್ಕೆ. ಆತ ಅಡಿಕೆ ಮರ ಹತ್ತಿ ಗೊನೆ ಇಳಿಸುವವನು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವವನೂ ಅವನೇ. ಹೊಳೆಯ ಪಕ್ಕದಲ್ಲಿ ಗೇಣಿಗೆ ಮಾಡುವ ಒಂದೆಕರೆ ಗದ್ದೆಯಿತ್ತು. ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಕಪ್ಪು ಹಸಿರಿನ ಸೀಸೆಯನ್ನು ಮೇಜಿನ ಮೇಲಿಟ್ಟ.

"ಲಿಂಗನಮಕ್ಕಿ ಕಟ್ಟೆ ಕೆಲಸ ನೋಡೋಕೆ ಫ್ರಾನ್ಸಿನ ಇಂಜಿನಿಯರು ಬಂದಿದಾನಲ್ಲ, ಅವ್ನು ಕೊಟ್ಟ. ಮೂರು ದಿನ ದೋಣೀಲಿ ದಾಟಿಸಿದ್ದೆ. ಎಂತ ಬರೆದದೆ ನೋಡಿ ಮೇಷ್ಟ್ರೇ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಕೃಷಿ ಇಲಾಖೆಯ ಕರಪತ್ರದಲ್ಲಿ ಕಂಡಿದ್ದ ಅದೇ ಅಕ್ಷರಗಳು. "ಬೋರ್ಡೋ" ಎಂದು ಓದಿದರು.

ಶೇಷಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಕೊಳೆ ಔಷಧಿ! ಮೈಲುತುತ್ತ, ಸುಣ್ಣ! ದಾರೀಲೇ ಒಂದು ಗುಟುಕು ಹಾಕ್ತಿದ್ದೆ ಮಾರಾಯ್ರೆ. ಮುಳುಗಿಸದೆ ದಾಟಿಸಿದ್ದಕ್ಕೆ ನನ್ನೇ ಸಾಯ್ಸೋಕೆ ಹೊರಟ್ನಾ?"

ಇಬ್ಬರೂ ಇಂಜಿನಿಯರು ಇಳಿದುಕೊಂಡಿದ್ದ ಪ್ರವಾಸಿ ಬಂಗಲೆಗೆ ಹೋದರು. ಸಂಗತಿ ಕೇಳಿ ಅವನು ಹೊಟ್ಟೆ ಹಿಡಿದು ನಕ್ಕ. ಅವನ ಇಂಗ್ಲಿಷನ್ನು ಮೇಷ್ಟ್ರು ಕನ್ನಡ ಮಾಡಿದರು. ಬೋರ್ಡೋ ತನ್ನ ಸೀಮೆಯ ಪಟ್ಟಣ. ಅಲ್ಲಿ ದ್ರಾಕ್ಷಿಯ ರೋಗಕ್ಕೆ ಕಂಡುಕೊಂಡ ಔಷಧಿಗೂ ಅದೇ ಹೆಸರು, ಈ ಸೀಸೆಯಲ್ಲಿರುವ ಅಲ್ಲಿಯ ದ್ರಾಕ್ಷಿ ಮದ್ಯಕ್ಕೂ ಅದೇ ಹೆಸರು. ಸೀಸೆಗೆ ಅಂಟಿಸಿದ ಚೀಟಿಯ ಮೇಲೆ ಚಿತ್ರವಾಗಿರುವ ಮನೆ ತನ್ನ ಅಪ್ಪನದು. ಆ ಮನೆಯ ಇಳಿಜಾರಿನ ಹಣ್ಣಲ್ಲದೆ ಬೇರೆ ಹಣ್ಣು ಇದರಲ್ಲಿಲ್ಲ. ಅಪ್ಪ ತೀರಿದ ಮೇಲೆ ಮನೆ, ತೋಟ ಪರರ ಪಾಲಾದವು. ಇಷ್ಟು ಹೇಳುವಾಗ ಅವನ ನಗು ನಿಂತಿತ್ತು.

"ಅಪ್ಪನ ಅಂಗೈ ಸದಾ ನೀಲಿ" ಎಂದ.

ಶೇಷಪ್ಪ ತನ್ನ ಅಂಗೈ ಬಿಚ್ಚಿ ತೋರಿಸಿದ. ಗೆರೆಗೆರೆಯಲ್ಲೂ ಮೈಲುತುತ್ತದ ನೀಲಿಯಿತ್ತು.

"ತಂಪಾದ ಕತ್ತಲಲ್ಲಿ ಮಲಗಿಸಿಡು. ಈಗ ಒಗರು. ಹತ್ತು ವರ್ಷ ಕಾಯಬೇಕು" ಎಂದ ಇಂಜಿನಿಯರು.

ತಂಪಿಗೂ ಕತ್ತಲಿಗೂ ಶೇಷಪ್ಪ ಬಲ್ಲ ಜಾಗ ಒಂದೇ. ಭೂಮಿ ಹುಣ್ಣಿಮೆಯಂದು ಗದ್ದೆಯ ಮೂಲೆಯಲ್ಲಿ ಕಡುಬು ಹೂತು, ಕೊಯ್ಲಿನಲ್ಲಿ ತೆಗೆಯುವುದು ಅವರ ಪದ್ಧತಿ. ಆ ವರ್ಷ ಕಡುಬಿನ ಪಕ್ಕ ಸೀಸೆಯೂ ಮಲಗಿತು.

"ಕಟ್ಟೆ ಮುಗಿದ್ರೆ ಊರೇ ಮುಳುಗ್ತದಂತೆ, ಇವ್ರು ನೋಡಿದ್ರೆ ಹತ್ತು ವರ್ಷದ ಬಿತ್ತನೆ ಮಾಡ್ತಾರೆ" ಎಂದು ಹೆಂಡತಿ ಮಾಸ್ತಮ್ಮ ನಕ್ಕಳು.

"ಎಂಥಾ ನೆರೇಲೂ ಹೊಳೆ ಈ ಅಂಚು ಹತ್ತಿದ್ದಿಲ್ಲ, ಸುಮ್ನಿರೇ."

ಹೊಳೆಯನ್ನು ಬಲ್ಲವನ ತಪ್ಪು ಅದು. ಅರವತ್ತನಾಲ್ಕರ ಮಳೆಗಾಲದಲ್ಲಿ ಬಂದದ್ದು ನೆರೆಯಲ್ಲ, ಕಟ್ಟೆಯ ಹಿನ್ನೀರು; ನೆರೆಯಾದರೆ ಇಳಿದುಹೋಗುತ್ತದೆ. ಪಾತ್ರೆ ಪಡಗಗಳನ್ನು ದೋಣಿಗೆ ಹಾಕಿ ಹೊರಟಾಗ ಆ ಮೂಲೆಯ ಮೇಲೆ ಎರಡಾಳು ನೀರಿತ್ತು.

ಗಂಡಹೆಂಡಿರು ತೀರ್ಥಹಳ್ಳಿ ಕಡೆ ಕೂಲಿಗೆ ನಿಂತರು. ಅರವತ್ತೊಂಬತ್ತರ ಬೇಸಿಗೆಯಲ್ಲಿ ಹಿನ್ನೀರು ತಳ ಕಂಡಿದೆ, ಗದ್ದೆಯ ಬದುಗಳು ಎದ್ದಿವೆ ಎಂದು ಸುದ್ದಿ ಬಂತು. ಶೇಷಪ್ಪ ಗುದ್ದಲಿ ಹಿಡಿದು ಹೊರಟ. ಬಿರುಕುಬಿಟ್ಟ ಕೆಸರಿನಲ್ಲಿ ಹೆಜ್ಜೆ ಎಣಿಸಿ ಮೂಲೆ ಹಿಡಿದ. ಮೊಳ ಅಗೆದಾಗ ಸೀಸೆಯ ಕುತ್ತಿಗೆ ಕೈಗೆ ತಣ್ಣಗೆ ತಾಗಿತು. ಚೀಟಿ ಕರಗಿಹೋಗಿತ್ತು, ಇಂಜಿನಿಯರನ ಅಪ್ಪನ ಮನೆಯೂ ಅದರೊಂದಿಗೆ. ಹೊತ್ತು ಇಳಿಯುವವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

ಗುದ್ದಲಿ ಮಾತ್ರ ಹಿಡಿದು ಬಂದ ಗಂಡನನ್ನು ಕಂಡು ಮಾಸ್ತಮ್ಮ ಕೇಳಿದಳು: "ಸಿಗ್ಲಿಲ್ವಾ?"

"ಸಿಕ್ತು."

"ಮತ್ತೆ?"

"ಏಳೇ ವರ್ಷ ಆಗಿದ್ದು. ಇನ್ನೂ ಒಗರು. ಅಲ್ಲೇ ಮತ್ತೆ ಹೂತು ಬಂದೆ."

"ಬಾಯಿಗೇ ಹಾಕದೆ ಗೊತ್ತಾಯ್ತಾ?"

ಶೇಷಪ್ಪ ಗುದ್ದಲಿಗಂಟಿದ ಮಣ್ಣನ್ನು ತೊಳೆಯದೆ ಅದನ್ನು ಹಾಗೆಯೇ ಗೋಡೆಗೆ ಒರಗಿಸಿದ.

ಹತ್ತು ವರ್ಷ ದಾಟಿ ಬಹಳ ಕಾಲವಾಯಿತು, ಸೀಸೆ ಇನ್ನೂ ಆ ಮೂಲೆಯಲ್ಲೇ ಇದೆ. ಶೇಷಪ್ಪ ಈಗ ಮರ ಹತ್ತುವುದಿಲ್ಲ. ಅಂಗೈಯ ನೀಲಿ ಮಾಸಿದೆ. ಆದರೆ ಬೇಸಿಗೆಯಲ್ಲಿ ನೀರು ಇಳಿಯಿತೆಂದು ಕೇಳಿದರೆ ಗುದ್ದಲಿ ಹೆಗಲಿಗೇರಿಸಿ ಹೊಸನಗರದ ಬಸ್ಸಿಗೆ ಕಾಯುತ್ತಾನೆ. ಎಲ್ಲಿಗೆಂದು ಯಾರಾದರೂ ಕೇಳಿದರೆ, "ಗದ್ದೇಲಿ ಸ್ವಲ್ಪ ಕೆಲಸ ಇದೆ" ಎನ್ನುತ್ತಾನೆ.